ಪಾಠ ಒಪ್ಪಿಸಿಕೊಳ್ಳುವವರು ಯಾರು? ಸ್ವಪರೀಕ್ಷೆ ಮತ್ತು ಕೃತಕ ಬುದ್ಧಿಮತ್ತೆ

ಮುಂಬಯಿ, ಪುಣೆ, ಚೆನ್ನೈಗಳಂತಹ ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಮಕ್ಕಳಲ್ಲಿ ಅನೇಕರು ಇಂದು ಇಂಗ್ಲಿಷ್ ಮಾಧ್ಯಮದಲ್ಲಿ ಇಲ್ಲವೇ ಆಯಾ ರಾಜ್ಯದ ಭಾಷೆಯಲ್ಲಿ ವಿದ್ಯಾಭ್ಯಾಸ ಮಾಡುತ್ತಿದ್ದಾರೆ. ಊರಿನ ಕನ್ನಡ ಶಾಲೆಯಲ್ಲಿ ಕಲಿತು ಬಂದ ತಂದೆತಾಯಂದಿರಿಗೆ ಆ ಪುಸ್ತಕಗಳನ್ನು ಹಿಡಿದು ಪ್ರಶ್ನೆ ಕೇಳುವುದು ಸುಲಭವಲ್ಲ. ದಿನದ ಹಲವು ತಾಸುಗಳನ್ನು ದುಡಿಮೆಯಲ್ಲೂ ಪ್ರಯಾಣದಲ್ಲೂ ಕಳೆಯುವವರಿಗೆ ಅದಕ್ಕೆ ಸಮಯವೂ ದೊರೆಯದು. ಹೀಗಾಗಿ, ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ಸಹಜವಾಗಿದ್ದ ಪಾಠ ಒಪ್ಪಿಸುವ ರೂಢಿ ಮರೆಯಾಗುತ್ತಿದೆ. ಚಾಟ್‌ಜಿಪಿಟಿ, ಜೆಮಿನಿ ಮೊದಲಾದ ಕೃತಕ ಬುದ್ಧಿಮತ್ತೆಯ ಸಾಧನಗಳು ಈ ಕೊರತೆಯನ್ನು ಎಷ್ಟರ ಮಟ್ಟಿಗೆ ತುಂಬಬಲ್ಲವು, ಎಲ್ಲಿ ಎಚ್ಚರಿಕೆ ಅಗತ್ಯ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಓದುವುದು ಬೇರೆ, ಒಪ್ಪಿಸುವುದು ಬೇರೆ

ಮುಸ್ಸಂಜೆ ದೀಪ ಹಚ್ಚಿದ ಮೇಲೆ ಮಗ್ಗಿ, ವಾರ, ತಿಂಗಳು, ನಕ್ಷತ್ರಗಳ ಹೆಸರುಗಳನ್ನು ಹಿರಿಯರ ಮುಂದೆ ಒಪ್ಪಿಸಿದ ನೆನಪು ನಮ್ಮಲ್ಲಿ ಹಲವರಿಗಿದೆ. ಇದನ್ನು ಬರಿಯ ಬಾಯಿಪಾಠವೆಂದು ಕಡೆಗಣಿಸುವವರೂ ಉಂಟು. ಆದರೆ ಪುಸ್ತಕ ಮುಚ್ಚಿಟ್ಟು, ಓದಿದ್ದನ್ನು ನೆನಪಿನಿಂದ ಹೊರತೆಗೆಯುವ ಕ್ರಿಯೆಯೇ ಕಲಿಕೆಯನ್ನು ಗಟ್ಟಿಗೊಳಿಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ತೋರಿಸಿಕೊಟ್ಟಿದ್ದಾರೆ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಪ್ರಸಿದ್ಧವಾದುದು. ವಿದ್ಯಾರ್ಥಿಗಳು ಎರಡು ಗದ್ಯಭಾಗಗಳನ್ನು ಓದಿದರು. ಬಳಿಕ ಒಂದನ್ನು ಮತ್ತೊಮ್ಮೆ ಓದಿದರು, ಇನ್ನೊಂದನ್ನು ನೋಡದೆಯೇ ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ, ಮತ್ತೊಮ್ಮೆ ಓದಿದ ಭಾಗ ಶೇ. 81ರಷ್ಟು, ನೆನಪಿನಿಂದ ಬರೆದ ಭಾಗ ಶೇ. 75ರಷ್ಟು ನೆನಪಿನಲ್ಲಿತ್ತು. ಒಂದು ವಾರದ ನಂತರ ಪರೀಕ್ಷಿಸಿದವರಲ್ಲಿ ಚಿತ್ರ ತಲೆಕೆಳಗಾಗಿತ್ತು. ಮತ್ತೆ ಓದಿದ ಭಾಗ ಶೇ. 42ರಷ್ಟು ಮಾತ್ರ ಉಳಿದಿದ್ದರೆ, ನೆನಪಿನಿಂದ ಬರೆದ ಭಾಗ ಶೇ. 56ರಷ್ಟು ಉಳಿದಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಹತ್ತು ಸಲ ಓದಿದರೆ ಎಲ್ಲವೂ ಬಂದಂತೆ ಅನಿಸುವುದೂ, ಕೆಲವೇ ದಿನಗಳಲ್ಲಿ ಅದು ಕರಗಿಹೋಗುವುದೂ ಏಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಓದಿದ ಸಾಲು ಪರಿಚಿತವಾಗಿ ಕಂಡ ಮಾತ್ರಕ್ಕೆ ಅದು ತಿಳಿದಿದೆ ಎಂದಾಗುವುದಿಲ್ಲ.

ಯಂತ್ರವೇ ಉತ್ತರಿಸಿದರೆ ಆಗುವ ನಷ್ಟ

ಕೃತಕ ಬುದ್ಧಿಮತ್ತೆಯನ್ನು ಮಕ್ಕಳು ಸಾಮಾನ್ಯವಾಗಿ ಬಳಸುವ ಬಗೆ ಇದಕ್ಕೆ ತೀರ ವಿರುದ್ಧವಾದುದು. ಪ್ರಶ್ನೆಯನ್ನು ಯಂತ್ರಕ್ಕೆ ಕೊಟ್ಟು ಉತ್ತರವನ್ನು ನಕಲು ಮಾಡಿಕೊಳ್ಳುವುದೇ ರೂಢಿ. ಇದರ ಪರಿಣಾಮವೇನೆಂಬುದು ಟರ್ಕಿ ದೇಶದ ಪ್ರೌಢಶಾಲೆಯೊಂದರ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳ ಗಣಿತಾಭ್ಯಾಸವನ್ನು ಕುರಿತು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಸಾಧನವನ್ನು ಬಳಸಿದವರ ಅಭ್ಯಾಸದ ಅಂಕಗಳು ಶೇ. 48ರಷ್ಟು ಏರಿದವು. ಆದರೆ ಸಾಧನವಿಲ್ಲದೆ ಪರೀಕ್ಷೆ ಬರೆದಾಗ, ಅದನ್ನು ಎಂದೂ ಬಳಸದವರಿಗಿಂತ ಅವರು ಶೇ. 17ರಷ್ಟು ಹಿಂದುಳಿದರು. ಉತ್ತರದ ಬದಲು ಶಿಕ್ಷಕರು ಸಿದ್ಧಪಡಿಸಿದ ಸುಳಿವುಗಳನ್ನು ಮಾತ್ರ ಕೊಡುವ ಸಾಧನವನ್ನು ಬಳಸಿದವರಲ್ಲಿ ಈ ನಷ್ಟ ಬಹುತೇಕ ಕಾಣಲಿಲ್ಲ.

ಆದುದರಿಂದ ಯಂತ್ರವನ್ನು ಉತ್ತರ ಹೇಳುವ ಸ್ಥಾನದಿಂದ ಇಳಿಸಿ, ಪಾಠ ಒಪ್ಪಿಸಿಕೊಳ್ಳುವ ಸ್ಥಾನದಲ್ಲಿ ಕೂರಿಸಬೇಕು. ಇಡೀ ವಿಷಯದ ತಿರುಳು ಇಷ್ಟೇ.

ಬಳಸುವ ಕ್ರಮ

ಮೊದಲು ಪಾಠವನ್ನು ಓದಿ ಪುಸ್ತಕ ಮುಚ್ಚಬೇಕು. ಅನಂತರ ಆ ಪುಟಗಳ ಛಾಯಾಚಿತ್ರವನ್ನು ಸಾಧನಕ್ಕೆ ಕೊಟ್ಟು ಹೀಗೆ ಸೂಚಿಸಬಹುದು: “ಈ ಪುಟಗಳಿಂದ ಮಾತ್ರ ಐದು ಪ್ರಶ್ನೆಗಳನ್ನು ಒಂದೊಂದಾಗಿ ಕೇಳು. ನಾನು ಉತ್ತರಿಸುವವರೆಗೆ ಉತ್ತರ ಹೇಳಬೇಡ. ತಪ್ಪಿದರೆ ಮೊದಲು ಸುಳಿವು ಕೊಡು.” 2025ರಲ್ಲಿ ಚಾಟ್‌ಜಿಪಿಟಿಗೆ ‘ಸ್ಟಡಿ ಮೋಡ್’, ಜೆಮಿನಿಗೆ ‘ಗೈಡೆಡ್ ಲರ್ನಿಂಗ್’ ಎಂಬ ಸೌಲಭ್ಯಗಳು ಸೇರಿದ್ದು, ಇವು ಬಹುಮಟ್ಟಿಗೆ ಇದೇ ಕ್ರಮವನ್ನು ಅನುಸರಿಸುತ್ತವೆ.

ಸರಿಯುತ್ತರ ಆರಿಸುವ ಪ್ರಶ್ನೆಗಳಿಗಿಂತ ‘ಏಕೆ’, ‘ಹೇಗೆ’ ಎಂಬ ಪ್ರಶ್ನೆಗಳು ಮೇಲು. ಉದಾಹರಣೆಗೆ, ಎಲೆಯಲ್ಲಿ ಪಿಷ್ಟವಿದೆಯೇ ಎಂದು ತಿಳಿಯಲು ಅಯೋಡಿನ್ ಹಾಕುತ್ತಾರೆ ಎಂಬುದು ಹಲವರಿಗೆ ನೆನಪಿರುತ್ತದೆ. ಅದಕ್ಕೂ ಮೊದಲು ಎಲೆಯನ್ನು ಆಲ್ಕೋಹಾಲಿನಲ್ಲಿ ಕುದಿಸುವುದೇಕೆ ಎಂದು ಕೇಳಿದಾಗ, ಹಸಿರು ಬಣ್ಣ ಹೋಗದಿದ್ದರೆ ನೀಲಿ-ಕಪ್ಪು ಬಣ್ಣ ಸ್ಪಷ್ಟವಾಗಿ ಕಾಣದು ಎಂದು ವಿವರಿಸಬಲ್ಲವನಿಗೇ ಪಾಠ ಅರ್ಥವಾಗಿದೆ.

ಉತ್ತರವನ್ನು ಮೊದಲು ನೋಟುಪುಸ್ತಕದಲ್ಲಿ ಕೈಯಿಂದ ಬರೆಯುವುದು ಒಳ್ಳೆಯದು. ತಪ್ಪಿದ ಪ್ರಶ್ನೆಗಳನ್ನು ಪಟ್ಟಿ ಮಾಡಿ ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಕೇಳಿಸಿಕೊಳ್ಳಬೇಕು. ಜರ್ಮನ್ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪ್ರಚಾರಕ್ಕೆ ತಂದ ಚೀಟಿಪೆಟ್ಟಿಗೆಯ ಕ್ರಮದ ತಿರುಳೂ ಇದೇ. ಮೊಬೈಲ್ ಇಲ್ಲದ ಮನೆಯಲ್ಲಿ ರಟ್ಟಿನ ಚೀಟಿಗಳಿಂದಲೂ ಈ ಕೆಲಸ ಸಾಧ್ಯ.

ಎಚ್ಚರಿಕೆಯ ಮಾತು

ಈ ಸಾಧನಗಳು ತಪ್ಪನ್ನೂ ಆತ್ಮವಿಶ್ವಾಸದಿಂದಲೇ ಹೇಳುತ್ತವೆ. ವಿಶೇಷವಾಗಿ ಕನ್ನಡದ ಹಳೆಯ ಸಾಹಿತ್ಯ, ಛಂದಸ್ಸು, ವ್ಯಾಕರಣಗಳಲ್ಲಿ ಒಬ್ಬ ಕವಿಯ ರಚನೆಯನ್ನು ಇನ್ನೊಬ್ಬರಿಗೆ ಹಚ್ಚುವುದುಂಟು. ಪಠ್ಯಪುಸ್ತಕವೇ ಕೊನೆಯ ಪ್ರಮಾಣವಾಗಬೇಕು. ಚಾಟ್‌ಜಿಪಿಟಿಯ ನಿಯಮದಂತೆ 13 ವರ್ಷ ತುಂಬದ ಮಕ್ಕಳು ಅದನ್ನು ಬಳಸುವಂತಿಲ್ಲ, 18 ತುಂಬುವವರೆಗೆ ಹಿರಿಯರ ಅನುಮತಿ ಬೇಕು. ಮಗುವಿನ ಹೆಸರು, ಶಾಲೆ, ವಿಳಾಸಗಳನ್ನು ಯಂತ್ರಕ್ಕೆ ತಿಳಿಸದಿರುವುದು ಕ್ಷೇಮ.

ಇನ್ನೊಂದು ಲಾಭವನ್ನು ನಮ್ಮ ಓದುಗರ ಗಮನಕ್ಕೆ ತರಬಯಸುತ್ತೇವೆ. ಇಂಗ್ಲಿಷ್ ಅಥವಾ ಮರಾಠಿ ಪಾಠದ ಪ್ರಶ್ನೆಗಳನ್ನು ಈ ಸಾಧನಗಳಿಂದ ಕನ್ನಡದಲ್ಲಿಯೂ ಪಡೆಯಬಹುದು. ಆ ಪ್ರಶ್ನೆಯನ್ನು ತಾಯಿಯೇ ಕೇಳಿ, ಮಗು ಅವರಿಗೆ ಕನ್ನಡದಲ್ಲಿ ವಿವರಿಸಲಿ. ಪಾಠ ಅರ್ಥವಾಗದೆ ಬೇರೊಂದು ಭಾಷೆಯಲ್ಲಿ ವಿವರಿಸಲು ಬಾರದು. ಹೀಗೆ ಮಾಡಿದಲ್ಲಿ ಪಾಠವೂ ಗಟ್ಟಿಯಾಗುತ್ತದೆ, ಹೊರನಾಡಿನ ಮನೆಯಲ್ಲಿ ಕನ್ನಡದ ಮಾತೂ ಉಳಿಯುತ್ತದೆ. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತ ಮುಂಬಯಿ ಕನ್ನಡಿಗರ ಮೊಮ್ಮಕ್ಕಳಿಗೆ ದಿನಕ್ಕೆ ಅರ್ಧ ತಾಸು ಪಾಠ ಒಪ್ಪಿಸಿಕೊಳ್ಳುವ ವ್ಯವಸ್ಥೆ ಮಾಡುವುದು ನಮ್ಮೆಲ್ಲರಿಂದಲೂ ಆಗುವ ಕೆಲಸವಾಗಿದೆ.