ಬೂದಿಯಿಂದ ಇಟ್ಟಿಗೆ

ಒಲೆಯ ಬೂದಿಯಿಂದ ಪಾತ್ರೆಗಳನ್ನು ಬೆಳಗುವ ಪದ್ಧತಿಯನ್ನು ನಮ್ಮ ತಾಯಂದಿರೆಲ್ಲರೂ ಬಲ್ಲರು. ಆದರೆ ಕಲ್ಲಿದ್ದಲನ್ನು ಉರಿಸಿ ವಿದ್ಯುಚ್ಛಕ್ತಿಯನ್ನು ಉತ್ಪಾದಿಸುವ ಸ್ಥಾವರಗಳ ಬೂದಿಯು ಅಷ್ಟು ನಿರಪಾಯವಾದುದಲ್ಲ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ಇಂತಹ ಸ್ಥಾವರವೊಂದು ಆರಂಭವಾಯಿತು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಸುಮಾರು 30ರಿಂದ 40 ಪಾಲು ಬೂದಿಯೇ ಇರುತ್ತದೆ. ಈ ನಯವಾದ ಧೂಳು ಗಾಳಿಯಲ್ಲಿ ಹಾರಿ ಶ್ವಾಸಕೋಶವನ್ನು ಸೇರುತ್ತದೆ. ಅದರಲ್ಲಿ ಅಲ್ಪಾಂಶವಾಗಿರುವ ಆರ್ಸೆನಿಕ್, ಸೀಸ, ಪಾದರಸಗಳು ಮಳೆನೀರಿನೊಡನೆ ಇಳಿದು ಬಾವಿಗಳನ್ನು ಕೆಡಿಸಬಲ್ಲವು.

ಇಂತಹ ವಸ್ತುವು ಮನೆಯ ಗೋಡೆಯಾಗುವುದು ಹೇಗೆ? ಬೂದಿಗೆ ಸುಣ್ಣ, ಜಿಪ್ಸಮ್, ಮರಳು, ನೀರು ಇವುಗಳನ್ನು ಬೆರಸಿ ಯಂತ್ರದ ಅಚ್ಚಿನಲ್ಲಿ ಬಲವಾಗಿ ಒತ್ತುತ್ತಾರೆ. ಬೂದಿಯಲ್ಲಿರುವ ಸಿಲಿಕವು ಸುಣ್ಣದೊಡನೆ ಕೂಡಿ ಗಾರೆಯಂತೆ ಗಟ್ಟಿಯಾಗುತ್ತದೆ. ಕೆಲವು ವಾರಗಳವರೆಗೆ ತೇವವಾಗಿಟ್ಟರೆ ಸಾಕು, ಗೂಡಿನಲ್ಲಿ ಸುಡಬೇಕಾದುದಿಲ್ಲ. ಇದರಿಂದ ಹೊಲದ ಮೇಲ್ಮಣ್ಣೂ ಸೌದೆಯೂ ಉಳಿಯುತ್ತವೆ. ಈ ಲಾಭವನ್ನರಿತೇ ಭಾರತ ಸರಕಾರವು 1999ರಲ್ಲಿ, ಸ್ಥಾವರಗಳಿಂದ 50 ಕಿಲೋಮೀಟರಿನೊಳಗೆ ಮಣ್ಣಿನ ಇಟ್ಟಿಗೆಗಳನ್ನು ಮಾಡುವವರು ನೂರಕ್ಕೆ 25 ಪಾಲಾದರೂ ಬೂದಿಯನ್ನು ಬೆರಸತಕ್ಕದ್ದೆಂದು ವಿಧಿಸಿತು.

ಆದರೂ ಒಂದು ಮಾತನ್ನು ಮರೆಯಲಾಗದು. ಲೋಹಗಳ ವಿಷವು ನಾಶವಾಗುವುದಿಲ್ಲ; ಇಟ್ಟಿಗೆಯು ಅದನ್ನು ತನ್ನೊಳಗೆ ಹಿಡಿದಿಡುತ್ತದೆ. ಮಿಶ್ರಣವು ಸರಿಯಿಲ್ಲದಿದ್ದರೆ ಹಿಡಿತವೂ ಸಡಿಲವಾಗುವುದು. ಆದಕಾರಣ ಇಟ್ಟಿಗೆಯ ಬಲವನ್ನು ಪರೀಕ್ಷಿಸುವಂತೆಯೇ, ಅದರಿಂದ ನೀರಿಗೆ ಲೋಹವು ಒಸರುವುದೋ ಎಂಬುದನ್ನೂ ಪರೀಕ್ಷಿಸಬೇಕು. ಬೂದಿಯನ್ನು ತುಂಬುವ ಕೂಲಿಗಾರರಿಗೆ ಮೂಗುಬಾಯಿಗಳನ್ನು ಮುಚ್ಚುವ ಸಾಧನಗಳನ್ನು ಒದಗಿಸಬೇಕು. ಮನೆ ಕಟ್ಟಿಸುವ ಸಹೋದರಿಯರು ಇಟ್ಟಿಗೆಯ ಬೆಲೆಯೊಡನೆ ಈ ಎರಡು ವಿಷಯಗಳನ್ನೂ ವಿಚಾರಿಸುವುದು ಯುಕ್ತವು.