ಐಸಿಯು ಮಂಚದ ಕಂಬಿ ಮುಟ್ಟುವ ಮುನ್ನ



ಮುಂಬೈ ಇರಲಿ, ಪುಣೆ ಇರಲಿ, ಚೆನ್ನೈ, ಹೈದರಾಬಾದ್, ದೆಹಲಿ ಎಲ್ಲೇ ಇರಲಿ, ಮನೆಯವರೊಬ್ಬರು ಐಸಿಯುನಲ್ಲಿದ್ದಾರೆ ಎಂದ ಕೂಡಲೇ ನಾವು ಮಾಡುವ ಕೆಲಸಗಳು ಹೆಚ್ಚು ಕಡಿಮೆ ಒಂದೇ. ಊರಿನಿಂದ ಅಕ್ಕ-ಭಾವ ರಾತ್ರಿ ರೈಲು ಹಿಡಿದು ನೇರ ಆಸ್ಪತ್ರೆಗೇ ಬರುತ್ತಾರೆ. ಸಿಕ್ಕ ಐದು ನಿಮಿಷದಲ್ಲಿ ಮಂಚದ ಕಂಬಿ ಹಿಡಿದು ನಿಲ್ಲುತ್ತೇವೆ, ರೋಗಿಯ ಕೈ ಸವರುತ್ತೇವೆ, ದಿಂಬಿನ ಕೆಳಗೆ ರಾಯರ ಮಂತ್ರಾಕ್ಷತೆ ಇಡುತ್ತೇವೆ, ಮೊಬೈಲಿನಲ್ಲಿ ಊರಲ್ಲಿರುವ ಅವ್ವನ ಮುಖ ತೋರಿಸುತ್ತೇವೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ಆ ಐದು ನಿಮಿಷದಲ್ಲಿ ನಮ್ಮ ಕೈ ಎಷ್ಟು ಕಡೆ ಮುಟ್ಟಿತು ಎಂದು ಯಾರೂ ಲೆಕ್ಕ ಇಡುವುದಿಲ್ಲ. ಈ ಸಲದ ಲೇಖನ ಆ ಲೆಕ್ಕದ ಬಗ್ಗೆ.

*ಎಷ್ಟು ಹೊತ್ತು ಬದುಕಿರುತ್ತದೆ?*

ವೈರಸ್ ಜೀವಕೋಶದ ಹೊರಗೆ ಬೆಳೆಯುವುದಿಲ್ಲ. ಆದರೆ ಸ್ವಲ್ಪ ಕಾಲ ಸೋಂಕು ತಗಲಿಸುವ ಶಕ್ತಿ ಉಳಿಸಿಕೊಂಡಿರುತ್ತದೆ. ಫ್ಲೂ ವೈರಸ್ ಸ್ಟೀಲ್, ಪ್ಲಾಸ್ಟಿಕ್‌ನಂಥ ಗಟ್ಟಿ ನುಣುಪು ವಸ್ತುಗಳ ಮೇಲೆ 24ರಿಂದ 48 ಗಂಟೆ ಇರಬಲ್ಲದು. ಬಟ್ಟೆ, ಕಾಗದದ ಮೇಲೆ 8ರಿಂದ 12 ಗಂಟೆಯೊಳಗೆ ಮುಗಿಯುತ್ತದೆ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ 7 ದಿನ ಉಳಿಯುತ್ತದೆ.

ಕೋವಿಡ್ ವೈರಸ್ ಬಗ್ಗೆ 2020ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ನಡೆದ ಪರೀಕ್ಷೆ ನಿಮಗೂ ನೆನಪಿರಬಹುದು. ಪ್ಲಾಸ್ಟಿಕ್ ಮತ್ತು ಸ್ಟೀಲ್ ಮೇಲೆ ಎರಡು-ಮೂರು ದಿನ, ರಟ್ಟಿನ ಮೇಲೆ 24 ಗಂಟೆಯೊಳಗೆ, ತಾಮ್ರದ ಮೇಲೆ 4 ಗಂಟೆಯೊಳಗೆ ಎಂಬ ಸುದ್ದಿ ಎಲ್ಲರ ಮೊಬೈಲಿಗೂ ಬಂದಿತ್ತು. ಆದರೆ ಅದೇ ಪರೀಕ್ಷೆಯ ಇನ್ನೊಂದು ಅಂಶ ಯಾರಿಗೂ ತಲುಪಲಿಲ್ಲ. ಸ್ಟೀಲ್, ಪ್ಲಾಸ್ಟಿಕ್ ಮೇಲೂ ಸುಮಾರು ಆರೇಳು ಗಂಟೆಗೊಮ್ಮೆ ವೈರಸ್‌ನ ಪ್ರಮಾಣ ಅರ್ಧಕ್ಕೆ ಇಳಿಯುತ್ತಿತ್ತು. ಮೂರನೇ ದಿನ ಉಳಿದದ್ದು ತೀರಾ ಅಲ್ಪ. (ಇದನ್ನು ಓದಿ ತಾಮ್ರದ ಕಡಗ ಹಾಕಿಕೊಂಡರೆ ರಕ್ಷಣೆ ಎಂದು ದಯವಿಟ್ಟು ಯಾರೂ ಫಾರ್ವರ್ಡ್ ಮಾಡಬೇಡಿ.)

*ಐಸಿಯುನಲ್ಲಿ ಎಲ್ಲೆಲ್ಲಿ ಸಿಕ್ಕಿತು?*

2020ರ ಆರಂಭದಲ್ಲಿ ಚೀನಾದ ವುಹಾನ್ ನಗರದ ಹುವೋಷೆನ್‌ಷಾನ್ ಆಸ್ಪತ್ರೆಯ ಐಸಿಯುನಲ್ಲಿ ವಸ್ತುಗಳ ಮೇಲಿನಿಂದ ಸ್ವಾಬ್ ತೆಗೆದು ಪರೀಕ್ಷಿಸಿದರು. ನೆಲದ ಮೇಲೆ, ಕಸದ ಡಬ್ಬಿಯ ಮೇಲೆ, ಮಂಚದ ಕಂಬಿಯ ಮೇಲೆ ಕೋವಿಡ್ ವೈರಸ್‌ನ ಗುರುತು ಸಿಕ್ಕಿತು. ಕಂಪ್ಯೂಟರ್ ಮೌಸ್‌ಗಳ ಪೈಕಿ 8 ಸ್ಯಾಂಪಲ್‌ನಲ್ಲಿ 6 ಪಾಸಿಟಿವ್! ಸಿಬ್ಬಂದಿಯ ಚಪ್ಪಲಿ-ಬೂಟಿನ ಅಡಿಯಿಂದ ತೆಗೆದ ಸ್ಯಾಂಪಲ್‌ಗಳಲ್ಲಿ ಅರ್ಧ ಪಾಸಿಟಿವ್. ನೆನಪಿಡಿ, ರೋಗಿ ಕಂಪ್ಯೂಟರ್ ಮೌಸ್ ಮುಟ್ಟುವುದಿಲ್ಲ. ಮುಟ್ಟುವವರು ನಮ್ಮಂಥವರು. ವೈರಸ್ ಅಲ್ಲಿಗೆ ನಡೆದುಕೊಂಡು ಹೋಗಲಿಲ್ಲ, ಕೈ ಕರೆದುಕೊಂಡು ಹೋಯಿತು.

*ಹಾಗಾದರೆ ಹೆದರಬೇಕೇ?*

ಪಿಸಿಆರ್ ಪರೀಕ್ಷೆ ಹುಡುಕುವುದು ವೈರಸ್‌ನ ಆರ್‌ಎನ್‌ಎ ತುಣುಕನ್ನು. ವೈರಸ್ ಸತ್ತ ಮೇಲೂ ಆ ತುಣುಕು ಬಹಳ ಹೊತ್ತು ಉಳಿಯುತ್ತದೆ. ಬೂದಿ ಕಂಡಿತೆಂದರೆ ಬೆಂಕಿ ಇದೆ ಎಂದು ಅರ್ಥವಲ್ಲವಲ್ಲ, ಹಾಗೆ. ಅಮೆರಿಕದ ಸಿಡಿಸಿ ಸಂಸ್ಥೆ 2021ರ ಏಪ್ರಿಲ್‌ನಲ್ಲಿ ಎಲ್ಲ ಅಧ್ಯಯನಗಳನ್ನೂ ನೋಡಿ, ಸೋಂಕಿರುವ ವಸ್ತುವನ್ನು ಒಂದು ಸಲ ಮುಟ್ಟಿದರೆ ಕೋವಿಡ್ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಹೇಳಿತು. ಕೋವಿಡ್ ಮುಖ್ಯವಾಗಿ ಹರಡಿದ್ದು ಉಸಿರಿನಿಂದ, ಗಾಳಿಯಿಂದ. ನಾವೆಲ್ಲ ಹಾಲಿನ ಪ್ಯಾಕೆಟ್, ತರಕಾರಿ ತೊಳೆದು ತೊಳೆದು ಸುಸ್ತಾದದ್ದು ಬಹುಮಟ್ಟಿಗೆ ಅನಗತ್ಯವಾಗಿತ್ತು.

*ಮತ್ತೆ ಐಸಿಯು ಏಕೆ ಬೇರೆ?*

ಮೊದಲನೆಯದು, ಮುಟ್ಟುವ ಸಂಖ್ಯೆ. ಒಂದು ಸಲ ಮುಟ್ಟಿದರೆ ಅಪಾಯ ಸಣ್ಣದು, ಸರಿ. ಐಸಿಯುನಲ್ಲಿ ಒಬ್ಬ ರೋಗಿಯ ಸುತ್ತ ದಿನಕ್ಕೆ ನೂರಾರು ಸಲ ಕೈಗಳು ಓಡಾಡುತ್ತವೆ. ಎರಡನೆಯದು, ರೋಗಿಯ ಮೈಗೆ ಕೊಳವೆಗಳಿರುತ್ತವೆ. ಚರ್ಮ, ಮೂಗು, ಗಂಟಲು ಎಂಬ ಕಾವಲುಗಾರರನ್ನು ದಾಟಿ ಅವು ಒಳಗೆ ಹೋಗಿರುತ್ತವೆ. ಮೂರನೆಯದು, ಅದೇ ಕಂಬಿ, ಅದೇ ಮಾನಿಟರ್ ಗುಂಡಿಗಳ ಮೇಲೆ ವೈರಸ್‌ಗಿಂತ ಗಟ್ಟಿಯಾದ ಬ್ಯಾಕ್ಟೀರಿಯಾಗಳೂ ಇರುತ್ತವೆ. ಅಸಿನೆಟೋಬ್ಯಾಕ್ಟರ್‌ನಂಥವು ಒಣ ಜಾಗದಲ್ಲಿ ತಿಂಗಳುಗಟ್ಟಲೆ ಬದುಕಬಲ್ಲವು, ಹಲವು ಆ್ಯಂಟಿಬಯೋಟಿಕ್‌ಗಳಿಗೂ ಜಗ್ಗುವುದಿಲ್ಲ.

ನಾಲ್ಕನೆಯದು ನನ್ನ ವಿಭಾಗದ್ದು. ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಫ್ಲೂ ದೃಢಪಟ್ಟ ಮೊದಲ 7 ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಆರು ಪಟ್ಟು ಹೆಚ್ಚುತ್ತದೆ. ಜ್ವರ, ಉರಿಯೂತ, ಹೆಚ್ಚಿದ ನಾಡಿ, ಇಳಿದ ಆಮ್ಲಜನಕ, ಎಲ್ಲದರ ಹೊರೆಯೂ ಹೃದಯದ ಮೇಲೆಯೇ ಬೀಳುತ್ತದೆ. ನಿಮಗೆ ಬರೀ ನೆಗಡಿ, ನಿಮ್ಮ ಅಪ್ಪನ ಸೋತ ಹೃದಯಕ್ಕೆ ಅದು ಬರೀ ನೆಗಡಿ ಅಲ್ಲ.

ನನಗೆ ಮರೆಯಲಾಗದ ಒಬ್ಬ ರೋಗಿ ಇದ್ದಾರೆ. ಹೃದಯಾಘಾತವಾಗಿ, ಸ್ಟೆಂಟ್ ಹಾಕಿ, ಮೂರನೇ ದಿನ ಎದ್ದು ಕೂತು ಗಂಜಿ ಕುಡಿದಿದ್ದರು. ಮರುದಿನ ವಾರ್ಡಿಗೆ ಕಳಿಸುವುದೆಂದು ಬರೆದೂ ಆಗಿತ್ತು. ಆವತ್ತು ನೋಡಲು ಬಂದ ಮಗನಿಗೆ ಎರಡು ದಿನದಿಂದ ಮೂಗು ಸೋರುತ್ತಿತ್ತಂತೆ. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ದಿನ ಕಳೆದು ರೋಗಿಗೆ ಜ್ವರ ಬಂತು, ಫ್ಲೂ ಪಾಸಿಟಿವ್. ಮುಂದಿನ ಒಂಬತ್ತು ದಿನ ಐಸಿಯುನಲ್ಲೇ ಕಳೆದವು. ಬದುಕಿದರು. ಆ ಸೋಂಕು ಉಸಿರಿನಿಂದ ಬಂತೋ, ಕೈಯಿಂದ ಬಂತೋ, ಮಗನಿಂದಲೇ ಬಂತೋ ನಮ್ಮ ಸಿಬ್ಬಂದಿಯಿಂದ ಬಂತೋ ಖಚಿತವಾಗಿ ಹೇಳಲು ಬಾರದು. ಆದರೆ ಆ ಮಗ ಇಂದಿಗೂ ಫಾಲೋ-ಅಪ್‌ಗೆ ಬಂದಾಗ ಅದೇ ಪ್ರಶ್ನೆ ಕೇಳುತ್ತಾರೆ, "ಡಾಕ್ಟ್ರೇ, ನನ್ನಿಂದಲೇ ಆಯ್ತಾ?" ಆ ಪ್ರಶ್ನೆ ನಿಮ್ಮದಾಗಬಾರದು.

*ನೋಡಲು ಹೋಗುವವರು ಇಷ್ಟು ಮಾಡಿ*

1. ನೆಗಡಿ, ಕೆಮ್ಮು, ಜ್ವರ, ಕಣ್ಣು ಬೇನೆ, ವಾಂತಿ-ಭೇದಿ ಇದ್ದರೆ ಒಳಗೆ ಹೋಗಬೇಡಿ. ಮನೆಯ ಬೇರೆಯವರು ಹೋಗಲಿ. ಹೋಗದಿರುವುದೂ ಸೇವೆಯೇ.

2. ಒಳಗೆ ಹೋಗುವ ಮುನ್ನ ಮತ್ತು ಹೊರಗೆ ಬಂದ ಮೇಲೆ, ಎರಡೂ ಸಲ ಕೈ ಶುಚಿ ಮಾಡಿ. ಸ್ಯಾನಿಟೈಸರ್ ಆದರೆ 20-30 ಸೆಕೆಂಡ್, ಸೋಪು-ನೀರಾದರೆ 40-60 ಸೆಕೆಂಡ್. ಉಂಗುರ, ಬಳೆಗಳ ಸಂದಿಯನ್ನು ಮರೆಯಬೇಡಿ.

3. ರೋಗಿಗೆ ವಾಂತಿ-ಭೇದಿ ಇದ್ದರೆ ಸೋಪು-ನೀರೇ ಬೇಕು. ನೊರೋವೈರಸ್‌ನಂಥವು ಸ್ಯಾನಿಟೈಸರ್‌ಗೆ ಸುಲಭವಾಗಿ ಸಾಯುವುದಿಲ್ಲ.

4. ರೋಗಿಯನ್ನು ಮುಟ್ಟದೆ ಕಂಬಿ, ಹಾಸಿಗೆ, ಪಂಪು ಮಾತ್ರ ಮುಟ್ಟಿದ್ದರೂ ಕೈ ತೊಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ ಸಿಬ್ಬಂದಿಗೆ ಹೇಳುವ ಐದು ಸಂದರ್ಭಗಳಲ್ಲಿ ಕೊನೆಯದು ಇದೇ. ಹೆಚ್ಚಾಗಿ ಮರೆತುಹೋಗುವುದೂ ಇದೇ.

5. ವಿಡಿಯೋ ಕಾಲ್ ಮಾಡುವುದಾದರೆ ಸಿಸ್ಟರ್ ಅನುಮತಿ ಕೇಳಿ. ಮೊಬೈಲನ್ನು ಮೊದಲು ಆಲ್ಕೋಹಾಲ್ ವೈಪ್‌ನಿಂದ ಒರೆಸಿ, ನೀವೇ ಹಿಡಿದುಕೊಳ್ಳಿ. ಹಾಸಿಗೆಯ ಮೇಲೆ ಇಡಬೇಡಿ.

6. ಪ್ರಸಾದ, ತೀರ್ಥ, ಕುಂಕುಮ ಸಿಬ್ಬಂದಿಯನ್ನು ಕೇಳದೆ ಕೊಡಬೇಡಿ, ಹಚ್ಚಬೇಡಿ. ನುಂಗಲಾಗದ ರೋಗಿಗೆ ಒಂದು ಚಮಚ ತೀರ್ಥವೂ ಶ್ವಾಸಕೋಶಕ್ಕೆ ಇಳಿಯಬಹುದು. ದೇವರ ಹೆಸರನ್ನು ಕಿವಿಯಲ್ಲಿ ಹೇಳಲು ಯಾವ ಅಡ್ಡಿಯೂ ಇಲ್ಲ.

7. "ಡಾಕ್ಟ್ರೇ, ಕೈಗೆ ಸ್ಯಾನಿಟೈಸರ್ ಹಾಕಿಕೊಂಡಿರಾ?" ಎಂದು ಕೇಳಲು ಸಂಕೋಚ ಬೇಡ. ನಮ್ಮ ಸ್ಟೆತಸ್ಕೋಪ್, ನಮ್ಮ ಮೊಬೈಲ್ ಕೂಡ ವಸ್ತುಗಳೇ. 1847ರಲ್ಲಿ ವಿಯೆನ್ನಾದಲ್ಲಿ ಡಾ. ಸೆಮ್ಮೆಲ್‌ವೈಸ್ ವೈದ್ಯರಿಂದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದಾಗ ಬಾಣಂತಿಯರ ಸಾವು ತೀವ್ರವಾಗಿ ಇಳಿಯಿತು. ಆಗ ವೈದ್ಯರಿಗೇ ಸಿಟ್ಟು ಬಂದಿತ್ತು. ಈಗ ಬರಬಾರದು.

*ಮನೆಗೆ ಬಂದ ಮೇಲೆ*

ಕೈ ತೊಳೆಯಿರಿ, ಬಟ್ಟೆಯನ್ನು ಮಾಮೂಲಿ ಸೋಪಿನ ಪುಡಿಯಲ್ಲಿ ಒಗೆಯಿರಿ. ಅಷ್ಟು ಸಾಕು. ಬ್ಲೀಚ್ ಅನ್ನು ಮೈಮೇಲೆ ಸಿಂಪಡಿಸಿಕೊಳ್ಳಬೇಡಿ. ಟಾಯ್ಲೆಟ್ ಕ್ಲೀನರ್ ಆ್ಯಸಿಡ್ ಜೊತೆ ಬ್ಲೀಚ್ ಬೆರೆಸಲೇಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಮನೆಯಲ್ಲಿ ಹೃದ್ರೋಗಿ ಇದ್ದರೆ ಪ್ರತಿ ವರ್ಷದ ಫ್ಲೂ ಲಸಿಕೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ಐಸಿಯುನಲ್ಲಿ ಮಲಗಿದವರಿಗೆ ನಿಮ್ಮ ಕೈ ಬೇಕು. ಖಂಡಿತ ಹಿಡಿಯಿರಿ. ಅರ್ಧ ನಿಮಿಷ ತಡವಾಗಿ ಹಿಡಿಯಿರಿ, ಅಷ್ಟೇ.

ಉಪಯುಕ್ತ ಎನಿಸಿದರೆ ನಿಮ್ಮ ಕುಟುಂಬದ ಗುಂಪಿಗೆ ಕಳಿಸಿ. ಮುಖ್ಯವಾಗಿ, ಇವತ್ತು ಆಸ್ಪತ್ರೆಗೆ ಹೊರಟವರಿಗೆ.