ಬಣ್ಣದಡಿಯ ತುಕ್ಕು

ಅಪ್ಪ ಬಿಟ್ಟುಹೋದ ಅಂಬಾಸಿಡರ್ ಕಾರಿನ ಬಾಗಿಲಿಗೆ ತುಕ್ಕು ಹಿಡಿದಿತ್ತು. ಬಟ್ಟೆಯಿಂದ ಒರೆಸಿ, ಮೇಲೆಯೇ ಬಣ್ಣ ಬಳಿದೆ. ಒಂದೇ ಮಳೆಗಾಲ, ಬಣ್ಣ ಹಪ್ಪಳದಂತೆ ಉಬ್ಬಿತು! ವಿಜ್ಞಾನದ ಮೇಷ್ಟರೇ ಪಾಠ ಮರೆತರೆ ಹೇಗೆ?

ಕಬ್ಬಿಣಕ್ಕೆ ನೀರು, ಆಮ್ಲಜನಕ ಎರಡೂ ಸೇರಿದರೆ ತುಕ್ಕು ಹುಟ್ಟುತ್ತದೆ. ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ಅದು ಬಣ್ಣವನ್ನು ಮೇಲೆತ್ತುತ್ತದೆ. ತೇವ ಹಿಡಿದಿಟ್ಟು ಒಳಗೊಳಗೇ ಹಬ್ಬುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಇರುವ ತಗಡನ್ನು ಉಳಿಸಿಕೊಳ್ಳುವುದೇ ಜಾಣತನ.

ಮರುವರ್ಷ ಮಗನೊಡನೆ ಕ್ರಮವಾಗಿ ಶುರುಮಾಡಿದೆ. ಮೊದಲು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿದೆವು. ತಗಡು ಕುಸಿದರೆ ವೆಲ್ಡಿಂಗೇ ಗತಿ, ನಮ್ಮದು ಗಟ್ಟಿಯಾಗಿತ್ತು. ಕನ್ನಡಕ, ಕೈಗವಸು, ಮಾಸ್ಕ್ ಧರಿಸಿ, ತಂತಿ ಬ್ರಷ್ಷಿನಿಂದ ಸಡಿಲ ತುಕ್ಕು ಉದುರಿಸಿದೆವು. 80 ನಂಬರಿನ, ಆಮೇಲೆ 180 ನಂಬರಿನ ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿದೆವು. ಕುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಹಚ್ಚಿದೆವು. ಅದು ತುಕ್ಕನ್ನು ಐರನ್ ಫಾಸ್ಫೇಟ್ ಆಗಿಸುತ್ತದೆ. ಡಬ್ಬಿಯ ಸೂಚನೆಯಂತೆ ತೊಳೆದು, ಪೂರ್ತಿ ಒಣಗಿಸಿ, ಅಂದೇ ಪ್ರೈಮರ್ ಬಳಿದೆವು. ತಡಮಾಡಿದರೆ ತೇವದ ಗಾಳಿಗೆ ಬರಿಯ ಉಕ್ಕು ಮತ್ತೆ ತುಕ್ಕು ಹಿಡಿಯುತ್ತದೆ.

ಮಕ್ಕಳೇ, ಎರಡು ಕಬ್ಬಿಣದ ಮೊಳೆಗಳನ್ನು ಚೆನ್ನಾಗಿ ಉಜ್ಜಿ. ಒಂದಕ್ಕೆ ಎಣ್ಣೆ ಸವರಿ. ಎರಡನ್ನೂ ಒದ್ದೆ ಬಟ್ಟೆಯ ಮೇಲೆ ನಾಲ್ಕು ದಿನ ಇಡಿ. ಪ್ರೈಮರ್ ಮಾಡುವ ಕೆಲಸವೇನೆಂದು ಕಣ್ಣಾರೆ ಕಾಣುವಿರಿ.